ಅಕ್ಕನನ್ನು ಕರೆಯಲು ಹೋದ ಕಾರು

ಈ ಕಾರನ್ನು ನಾನು ಅಕ್ಕನಿಗಾಗಿಯೇ ಕೊಂಡೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೂರ್ತಿ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ನನ್ನ ಹೆಂಡತಿ ಗಂಗಾದೇವಿಯಂತೂ ಕೇಳುವ ಮೊದಲೇ ನಂಬುವುದಿಲ್ಲ.

ನಾನು ಗುರುಪುತ್ರಪ್ಪ, ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮನೆ ಶಹಾಪುರದಲ್ಲಿ. ಅಕ್ಕ ಸಂಗವ್ವನನ್ನು ಖಾನಾಪುರಕ್ಕೆ ಕೊಟ್ಟು ಮೂವತ್ತೆಂಟು ವರ್ಷವಾಯಿತು. ನಮ್ಮ ಕಡೆ ನಾಗರಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಬಾಗಿಲಲ್ಲಿ ನಿಂತು ಕರೆದರೇನೇ ಹೆಣ್ಣುಮಗಳು ತವರಿಗೆ ಬರುವುದು. ಕರೆಯದೆ ಹೋದವಳನ್ನು ಓಣಿ ವರ್ಷವಿಡೀ ನೆನೆಸುತ್ತದೆ. ಅಪ್ಪ ಅವ್ವ ತೀರಿಕೊಂಡ ಮೇಲೆ ಅಕ್ಕನಿಗೆ ತವರು ಅಂದರೆ ನನ್ನ ಎರಡು ಖೋಲಿಯ ಮನೆ. ಕರೆಯುವವನು ನಾನೊಬ್ಬನೇ. ಈ ಕಾರು ಬರುವವರೆಗೆ ಒಂದು ವರ್ಷವೂ ತಪ್ಪಿಸದೆ ಕೆಂಪು ಬಸ್ಸಿನಲ್ಲಿ ಹೋಗಿ ಕರೆತಂದಿದ್ದೇನೆ.

ಎರಡು ವರ್ಷದ ಹಿಂದಿನ ಪಂಚಮಿಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರವತ್ತು ದಾಟಿದ ಅಕ್ಕ ಮೊಣಕಾಲು ನೋವಿನಲ್ಲಿ ಮಚ್ಛೆಯವರೆಗೆ ನಿಂತೇ ಬಂದಳು. ಸಾಲದ್ದಕ್ಕೆ ಅವಳ ಎದುರುಮನೆಯ ಬಸವಣ್ಣೆವ್ವನ ಸೊಸೆಯ ಅಣ್ಣ ಅದೇ ದಿನ ಧಾರವಾಡದಿಂದ ಕಾರು ತಂದಿದ್ದ. ಬಸವಣ್ಣೆವ್ವ ಯಾರ ಮನೆಗೆ ಯಾರು ಕರೆಯಲು ಬಂದರು, ಯಾರು ಬರಲಿಲ್ಲ ಎಂಬುದನ್ನು ತಹಶೀಲ್ದಾರರ ಕಚೇರಿಗಿಂತ ಚೆನ್ನಾಗಿ ದಾಖಲೆ ಇಡುವ ಹೆಂಗಸು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಮುಂದಿನ ಪಂಚಮಿಗೆ ನಿನ್ನ ಬಾಗಿಲಿಗೆ ನಮ್ಮ ಸ್ವಂತ ಕಾರು ಬರ್ತೈತಿ ನೋಡು," ಎಂದುಬಿಟ್ಟೆ.

"ನನಗ್ಯಾಕೋ ತಮ್ಮಾ ಕಾರು? ನೀ ಬಂದ್ರ ಸಾಕು," ಎಂದಳು ಅಕ್ಕ. ಆದರೆ ಊರಿಗೆ ಮರಳಿದವಳು ಓಣಿಯಲ್ಲಿ ಹೇಳಿದ್ದು ಮಾತ್ರ ಕಾರಿನ ಸುದ್ದಿಯನ್ನೇ.

ಕಾರು ಸಿಕ್ಕಿದ್ದು ಬೆಳಗಾವಿಯ ದಂಡುಪ್ರದೇಶವಾದ ಕ್ಯಾಂಪಿನಲ್ಲಿ. ವರ್ಗವಾಗಿ ಹೊರಟ ಮಿಲಿಟರಿ ಸಾಹೇಬರೊಬ್ಬರು ಇಪ್ಪತ್ತು ವರ್ಷದ ಕೆಂಪು ಕಾರನ್ನು ಮಾರಲು ಇಟ್ಟಿದ್ದರು. ನೋಡಲು ಹಿಂದಿನ ಡಿಕ್ಕಿಯನ್ನು ಕೊಡಲಿಯಿಂದ ಕಡಿದಂಥ ಮೋಟು ಗಾಡಿ. ಒಳಗಿರುವುದು ಮಾತ್ರ ದೊಡ್ಡ ಕಾರಿನ ಇಂಜಿನ್ನು. ಇಂಥವನ್ನು ತಿಳಿದವರು ಹಾಟ್ ಹ್ಯಾಚ್ ಅನ್ನುತ್ತಾರಂತೆ. ತಯಾರಿಸಿದ ಕಂಪನಿ ಎಂದೋ ಈ ದೇಶ ಬಿಟ್ಟು ಹೋಗಿದೆ. ಕ್ಯಾಂಪಿನ ಗ್ಯಾರೇಜಿನ ಗನಿ ಉಸ್ತಾದ ಅದರ ಬಾನೆಟ್ಟು ಎತ್ತಿ, ಕಿವಿಗೊಟ್ಟು ಕೇಳಿ, ನನಗೊಂದು ಬುದ್ಧಿಮಾತು ಹೇಳಿದ.

"ಮಾಸ್ತರ್ರ, ಗಾಡಿ ಖರೇನ ಹುಲಿ ಐತಿ. ಆದ್ರ ಮುದಿ ಹುಲಿ. ಟೈಮಕ್ಕ ಎಣ್ಣಿ ಬದಲಸ್ರಿ, ಬೆಲ್ಟ್ ಬದಲಸ್ರಿ, ನೀರು ನೋಡ್ರಿ. ಮತ್ತೇನೂ ಮಾಡಾಕ ಹೋಗಬ್ಯಾಡ್ರಿ."

ಇದನ್ನು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ಡ್ರಾಯಿಂಗ್ ಮಾಸ್ತರ. ಖಾಲಿ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಇದರ ಮೇಲೆ ಹಳೆ ಕಾರುಗಳ ಒಂದು ವಾಟ್ಸಾಪ್ ಗುಂಪಿಗೆ ಸೇರಿದೆ. ಅಲ್ಲಿ ಮೀಸೆ ಮೂಡದ ಹುಡುಗರೆಲ್ಲ ನನ್ನನ್ನು "ಗುರು ಸರ್" ಎಂದು ಕರೆದರು. ಮೂವತ್ತು ವರ್ಷ ಶಾಲೆಯಲ್ಲಿ ಸಿಗದ ಮರ್ಯಾದೆ ಒಂದೇ ವಾರದಲ್ಲಿ ಸಿಕ್ಕಿತು. ಅದನ್ನು ಉಳಿಸಿಕೊಳ್ಳಬೇಕಲ್ಲ.

ಮೊದಲು ಸೈಲೆನ್ಸರ್ ಬದಲಾಯಿತು. ಸದ್ದು ಹೆಚ್ಚು ಮಾಡಲೆಂದೇ ಬೇರೆ ಸೈಲೆನ್ಸರ್ ಸಿಗುತ್ತದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಕಾರು ಚಾಲೂ ಮಾಡಿದೆ. ಪಕ್ಕದ ಮನೆಯ ಬಸಯ್ಯನವರು ಅರ್ಧ ವಿಭೂತಿಯಲ್ಲೇ ಹೊರಗೆ ಬಂದರು.

"ಮಾಸ್ತರ, ನಾ ಪೂಜಿಗೆ ಕುಂತಾಗ ಇದನ್ನ ಚಾಲೂ ಮಾಡಬ್ಯಾಡ್ರಿ. ಅಂಗೈಯಾಗ ಲಿಂಗ ನಡಗತೈತಿ."

"ಇದಕ್ಕ ಸ್ಪೋರ್ಟ್ಸ್ ಸೌಂಡ್ ಅಂತಾರ್ರಿ," ಎಂದೆ.

"ಏನರ ಅನ್ನಲಿ ಬಿಡ್ರಿ. ಏಳರ ನಂತರ ಆಡ್ರಿ ನಿಮ್ಮ ಸ್ಪೋರ್ಟ್ಸ್."

ಆಮೇಲೆ ಸ್ಪ್ರಿಂಗು ಬದಲಿಸಿ ಕಾರನ್ನು ನೆಲಕ್ಕೆ ಇಳಿಸಿದೆ. ಅಂದಿನಿಂದ ನಮ್ಮ ಮನೆಯ ಬೆಕ್ಕು ಅದರ ಕೆಳಗೆ ಮಲಗುವುದನ್ನು ಬಿಟ್ಟಿತು. ಇಂಜಿನ್ನು ಕೂರುವ ಒಂದು ಬ್ರ್ಯಾಕೆಟ್ಟು ಸೀಳಿದಾಗ ಇಡೀ ದೇಶದಲ್ಲಿ ಬದಲಿ ಸಿಗಲಿಲ್ಲ. ಉದ್ಯಮಬಾಗದ ಫೌಂಡ್ರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ ಎರಕ ಹೊಯ್ದು ಹೊಸದು ಮಾಡಿಕೊಟ್ಟ. ನಕ್ಷೆ ನಾನೇ ಬಿಡಿಸಿದ್ದೆ. ಅದು ಒಂದು ಬೆರಳಗಲ ತಪ್ಪಿತ್ತು. ಅಂದಿನಿಂದ ಇಂಜಿನ್ನು ಸ್ವಲ್ಪ ಎಡಕ್ಕೆ ನೋಡುತ್ತ ಕೂತಿತು.

ಕೊನೆಗೆ ಸೀಟು. ಭಾರ ಕಡಿಮೆಯಾದರೆ ವೇಗ ಹೆಚ್ಚುತ್ತದೆಂದು ಗುಂಪಿನಲ್ಲಿ ತೀರ್ಮಾನವಾಯಿತು. ಮುಂದೆ ರೇಸಿನವರ ಎರಡು ಬುಟ್ಟಿಯಂಥ ಸೀಟು ಹಾಕಿಸಿ ಹಿಂದಿನ ಸೀಟನ್ನು ಪೂರ್ತಿ ಕಿತ್ತೆ. ಗಂಗಾದೇವಿ ಅದನ್ನು ಬಿಸಾಡಲು ಬಿಡದೆ ನಮ್ಮ ಮನೆಯ ಕಟ್ಟೆಯ ಮೇಲೆ ಹಾಸಿದಳು. ಬಸಯ್ಯನವರು ದಿನಾ ಸಂಜೆ ಅದರ ಮೇಲೆ ಕೂತು ಪೇಪರ್ ಓದತೊಡಗಿದರು. ಕಾರು ಬಂದ ಮೇಲೆ ಓಣಿಗಾದ ಒಂದೇ ಉಪಕಾರ ಇದು ಎಂದು ಅವರೇ ಹೇಳಿದರು.

ಹೀಗೆ ಮಾಡುತ್ತ ಮಾಡುತ್ತ ಪಂಚಮಿ ಬಂದೇಬಿಟ್ಟಿತು. ಹಬ್ಬ ಶುರುವಾಗುವುದು ರೊಟ್ಟಿಯ ದಿನ, ಮನೆಮನೆಗೆ ರೊಟ್ಟಿ ಪಲ್ಯ ಹಂಚುವ ದಿನ. ಅಷ್ಟರೊಳಗೆ ಹೆಣ್ಣುಮಗಳು ತವರಿನಲ್ಲಿರಬೇಕು. ಹಿಂದಿನ ದಿನ ಅಕ್ಕನ ಮಗ ಬಾಳೇಶನ ಫೋನಿಗೆ ಮಾಡಿ, "ನಾಳೆ ಒಂಬತ್ತಕ್ಕ ಬಾಗಿಲಾಗ ಕಾರು," ಎಂದೆ.

"ಮಳಿ ಹತ್ತೈತೋ ತಮ್ಮಾ. ಬಸ್ಸಿಗೆ ಬಂದ್ರೂ ನಡೀತೈತಿ," ಎಂದಳು ಅಕ್ಕ.

"ಬಸ್ಸಿನ ಹೆಸರ ತಗೀಬ್ಯಾಡ," ಎಂದೆ.

ಬೆಳಿಗ್ಗೆ ಎಂಟಕ್ಕೆ ಹೊರಟಾಗ ಗನಿ ಬಂದು ಪಕ್ಕದ ಸೀಟಿನಲ್ಲಿ ಕೂತ. ಕೈಯಲ್ಲಿ ಪಾನಾ, ಪಕ್ಕಡ್ ತುಂಬಿದ ರಿಪೇರಿ ಚೀಲ, ಕಾಲ ಕೆಳಗೆ ನೀರಿನ ಎರಡು ಕ್ಯಾನು.

"ಇದನ್ನ ಒಬ್ಬರ ಒಯ್ಯೂದು ಆಗೂದಿಲ್ಲ ಮಾಸ್ತರ್ರ. ಐದು ಮೈಲಿಗೊಮ್ಮೆ ನೀರು ಕೇಳತೈತಿ. ಎಲ್ಲೆರ ನಿಂತ್ರ ಮತ್ತ ನನಗ ಫೋನ್ ಮಾಡ್ತೀರಿ. ಅದಕ್ಕ ಮೊದಲ ಬಂದೇನಿ."

ಎರಡನೇ ರೈಲ್ವೆ ಗೇಟಿನಲ್ಲಿ ರೈಲು ದಾಟುವುದನ್ನು ಕಾಯುವಾಗಲೇ ಇಂಜಿನ್ನು ಕುದಿಯಿತು. ನೀರು ಹಾಕಿದೆವು. ಪೀರನವಾಡಿಯಲ್ಲಿ ಟ್ರಾಫಿಕ್ ಪೊಲೀಸ ಕೈ ಅಡ್ಡ ಮಾಡಿದ. ಅವನು ನಮ್ಮನ್ನು ನೋಡುವ ಮೊದಲೇ, ಸದ್ದು ಕೇಳಿಯೇ ರಸ್ತೆ ಮಧ್ಯೆ ಬಂದು ನಿಂತಿದ್ದನಂತೆ.

"ಏನ್ರಿ ಇದು, ಇಷ್ಟ ಸಪ್ಪಳ? ವಯಸ್ಸ ಎಷ್ಟ ನಿಮಗ?"

"ಐವತ್ತಾರು. ಗಾಡೀಗಿ ಇಪ್ಪತ್ತು."

"ಎಲ್ಲಿಗ ಹೊಂಟೀರಿ?"

"ಅಕ್ಕನ್ನ ಕರ್ಯಾಕ್ರೀ, ಖಾನಾಪುರಕ್ಕ. ಪಂಚಮಿ ಅಲ್ಲೇನ್ರಿ."

ಅವನ ಮುಖ ಸಡಿಲಾಯಿತು. ಅವನಿಗೂ ಅಕ್ಕತಂಗಿಯರು ಇದ್ದಿರಬೇಕು. ದಂಡದ ಚೀಟಿ ಹರಿದುಕೊಡುತ್ತ ಕಿಟಕಿಯಿಂದ ತಲೆ ಹಾಕಿ ಕಾರಿನ ಒಳಗೆ ನೋಡಿದ. ನನ್ನನ್ನು ನೋಡಿದ. ಗನಿಯನ್ನು ನೋಡಿದ. ಹಿಂದಿನ ಬೋಳು ತಗಡನ್ನು ನೋಡಿದ.

"ಎಲ್ಲಾ ಖರೇ ಬಿಡ್ರಿ. ಅಕ್ಕಾರ್ನ ಎಲ್ಲಿ ಕುಂದರಸ್ತೀರಿ?"

ನಾನು ಗನಿಯ ಮುಖ ನೋಡಿದೆ, ಗನಿ ನನ್ನ ಮುಖ ನೋಡಿದ. ಎಂಟು ತಿಂಗಳು ನಾವಿಬ್ಬರೂ ಆ ಕಾರಿನ ಪ್ರತಿ ಬೋಲ್ಟನ್ನೂ ಬಿಚ್ಚಿ ಕಟ್ಟಿದ್ದೆವು. ಈ ಒಂದು ಮಾತು ಇಬ್ಬರಿಗೂ ಹೊಳೆದಿರಲಿಲ್ಲ.

"ಯಾ ಅಲ್ಲಾ," ಎಂದ ಗನಿ.

"ಅದನ್ನ ಬರುವಾಗ ನೋಡೂಣು," ಎಂದೆ ನಾನು. ನನ್ನ ಜೀವನದ ತೊಂದರೆಗಳೆಲ್ಲ ಶುರುವಾಗಿರುವುದು ಈ ಒಂದು ವಾಕ್ಯದಿಂದ.

ಮಚ್ಛೆಯಲ್ಲಿ ರಸ್ತೆಯ ಹಂಪಿನ ಮೇಲೆ ಕಾರಿನ ಹೊಟ್ಟೆ ಕೂತುಬಿಟ್ಟಿತು. ಮುಂದಿನ ಎರಡೂ ಗಾಲಿ ತಮ್ಮ ಪಾಡಿಗೆ ತಿರುಗುತ್ತಿದ್ದವು, ಗಾಡಿ ಕದಲಲಿಲ್ಲ. ಹಾಲಿನ ಡೇರಿಯ ಮುಂದೆ ನಿಂತವರು ಬಂದು ಎತ್ತಿ ಇಳಿಸಿದರು. ಮುಂದೆ ಎಷ್ಟು ಹಂಪುಗಳಿವೆ ಎಂದು ಕೇಳಿದೆ. ಅವರು ಎಣಿಸಲು ಶುರು ಮಾಡಿದ್ದನ್ನು ನೋಡಿ ಕೇಳಿದ್ದೇ ತಪ್ಪಾಯಿತೆನಿಸಿತು. ಪ್ರಭುನಗರದಲ್ಲಿ ರೇಡಿಯೇಟರಿನ ಫ್ಯಾನು ನಿಂತಿತು. ಗನಿ ಮಳೆಯಲ್ಲಿ ಕೊಡೆ ಹಿಡಿದು ಬಾನೆಟ್ಟಿನೊಳಗೆ ಮೂರು ತಾಸು ಕಳೆದ. ಕಡೆಗೆ ಫ್ಯಾನಿಗೆ ಬ್ಯಾಟರಿಯಿಂದ ನೇರ ವಾಯರು ಎಳೆದು, ಅದು ಬಿಚ್ಚದಂತೆ ಪ್ಲಾಸ್ಟಿಕ್ ಹಗ್ಗ ಕಟ್ಟಿ ಹೊರಡಿಸಿದ. ನಾನು ಬಸ್ಸುಗಳನ್ನು ಎಣಿಸುತ್ತ ನಿಂತಿದ್ದೆ. ಖಾನಾಪುರಕ್ಕೆ ಹೋಗುವವು ಹನ್ನೊಂದು, ಬೆಳಗಾವಿಗೆ ಬರುವವು ಒಂಬತ್ತು. ಖಾನಾಪುರದ ಮೊದಲ ಬಸ್ಸನ್ನು ಹತ್ತಿದ್ದರೆ ಮಧ್ಯಾಹ್ನದ ಊಟಕ್ಕೆ ಅಕ್ಕ ನಮ್ಮ ಮನೆಯಲ್ಲಿರುತ್ತಿದ್ದಳು. ಗನಿಯನ್ನು ಗಾಡಿಯ ಹತ್ತಿರ ಬಿಟ್ಟು ಒಬ್ಬನೇ ಬಸ್ಸು ಹತ್ತು ಎಂದು ಮನಸ್ಸು ಹೇಳಿತು. ಹತ್ತಲಿಲ್ಲ. ಬಸ್ಸಿನಿಂದ ಇಳಿಯುವ ನನ್ನನ್ನು ಬಸವಣ್ಣೆವ್ವ ನೋಡುವ ಚಿತ್ರ ಕಣ್ಣ ಮುಂದೆ ಬಂತು.

ಬಾಳೇಶ ಹದಿನಾಲ್ಕು ಸಲ ಫೋನ್ ಮಾಡಿದ್ದ. ಕಾರಿನ ಸದ್ದಿನಲ್ಲಿ, ಆಮೇಲೆ ಮಳೆಯ ಸದ್ದಿನಲ್ಲಿ ಒಂದೂ ನನಗೆ ಕೇಳಿಸಲಿಲ್ಲ.

ಆ ಹೊತ್ತಿಗೆ ಖಾನಾಪುರದಲ್ಲಿ ಏನಾಗಿತ್ತೆಂದು ನನಗೆ ತಿಳಿದದ್ದು ಆಮೇಲೆ. ಅಕ್ಕ ಎಂಟಕ್ಕೇ ಸೀರೆ ಉಟ್ಟು, ಉಂಡಿಯ ಡಬ್ಬಿ ಕಟ್ಟಿ, ಬಾಗಿಲಲ್ಲಿ ಕೂತಿದ್ದಳು. ಹನ್ನೆರಡಾಯಿತು. ರೊಟ್ಟಿ ಕೊಡಲು ಬಂದ ಬಸವಣ್ಣೆವ್ವ, "ಯಾಕ ಸಂಗವ್ವಕ್ಕ, ತಮ್ಮ ಬರಲಿಲ್ಲೇನು?" ಎಂದು ಓಣಿಗೆಲ್ಲ ಕೇಳುವಂತೆ ಕೇಳಿದಳು.

"ಬಂದಿದ್ನಲ್ಲ," ಎಂದಳಂತೆ ಅಕ್ಕ. "ನಸಿಕಿನ್ಯಾಗ ಕಾರು ತಗೊಂಡ ಬಂದು ಕರದ. ನನಗ ಮೊಣಕಾಲ ಭಾಳ ನೋಯತೈತಿ, ಈ ವರ್ಷ ಒಲ್ಲೆ ಅಂದೆ. ಹೋದ."

"ನಮಗ ಸಪ್ಪಳನ ಕೇಳಲಿಲ್ಲಲ್ಲ?"

"ಅದು ಭಾರೀ ಕಾರು ಬಸವಣ್ಣೆವ್ವ. ಬೆಣ್ಯಾಗಿನ ಕೂದಲ ತಗದಂಗ ಬರತೈತಿ, ಹೋಗತೈತಿ."

ಐವತ್ತು ವರ್ಷದಲ್ಲಿ ಅಕ್ಕ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಆ ದಿನ ಹೇಳಿದಳು, ನನ್ನ ಮಾನಕ್ಕಾಗಿ. ಓಣಿಯೂ ನಂಬಿತ್ತು.

ನಾಲ್ಕು ಗಂಟೆಗೆ ನಾನು ಆ ಓಣಿಗೆ ಬಂದೆ. ಮಳೆ ನಿಂತಿತ್ತು. ಸೈಲೆನ್ಸರಿನ ಒಂದು ಕೊಂಡಿ ಹಂಪಿನಲ್ಲಿ ಮುರಿದು ಸದ್ದು ಮೂರು ಪಟ್ಟಾಗಿತ್ತು. ಮೊದಲು ನಾಯಿಗಳು ಬಂದವು, ಆಮೇಲೆ ಮಕ್ಕಳು, ಆಮೇಲೆ ಕೈಯಲ್ಲಿ ಲಟ್ಟಣಿಗೆ ಹಿಡಿದ ಹೆಂಗಸರು. ಒಬ್ಬ ಅಜ್ಜ ಎಮ್ಮೆ ಒಳಗೆ ಕಟ್ಟಲು ಓಡಿದ. ನಾನು ಇದನ್ನೆಲ್ಲ ಸ್ವಾಗತವೆಂದು ತಿಳಿದು ಎರಡು ಸಲ ಹೆಚ್ಚಿಗೆಯೇ ರೇಸ್ ಮಾಡಿದೆ.

ಬಸವಣ್ಣೆವ್ವ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು.

"ಮಾಸ್ತರ, ಮುಂಜಾನಿ ಬಂದ ಕಾರು ಬ್ಯಾರೆ ಏನ್ರಿ? ಅದು ಸಪ್ಪಳನ ಮಾಡೂದಿಲ್ಲ ಅಂತ ಹೇಳಿದ್ರು ನಿಮ್ಮ ಅಕ್ಕಾರು."

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನನ್ನನ್ನೇ ನೋಡುತ್ತ, ಬೇಡವೆಂಬಂತೆ ಸಣ್ಣಗೆ ತಲೆ ಆಡಿಸುತ್ತಿದ್ದಳು. ಒಂದು ಗಳಿಗೆ ಬಾಯಿ ಮುಚ್ಚಿ ಆ ಮುಖವನ್ನು ನೋಡಿದ್ದರೆ ಸಾಕಿತ್ತು. ಆದರೆ ನನ್ನ ಹೊಟ್ಟೆಯಲ್ಲಿ ಎಂಟು ತಾಸಿನ ಪ್ರವಾಸಕಥನ ಕುದಿಯುತ್ತಿತ್ತು.

"ಮುಂಜಾನಿ ಎಲ್ಲಿ ಬಂದೇನ್ರೀ! ಎಂಟಕ್ಕ ಮನಿ ಬಿಟ್ಟಾಂವ ಈಗ ಬಂದು ಮುಟ್ಟೇನಿ! ಕೇಳ್ರಿ ಬೇಕಾದ್ರ ಈ ಗನೀನ!"

ಗನಿ ಜಾಣ. ಅವನು ಬಗ್ಗಿ ಟೈರು ನೋಡತೊಡಗಿದ.

ಬಸವಣ್ಣೆವ್ವ ಅಕ್ಕನ ಕಡೆ ತಿರುಗಿ, "ಹೌದೇನು ಸಂಗವ್ವಕ್ಕ," ಎಂದಳು. ಅಷ್ಟೇ. ಬೈದಿದ್ದರೆ ಅಕ್ಕ ಉತ್ತರ ಕೊಡುತ್ತಿದ್ದಳು. ಅಕ್ಕ ಸೆರಗು ಸರಿಮಾಡಿಕೊಂಡು, "ಒಳಗ ಬಾ ತಮ್ಮಾ. ಕೈಕಾಲ ತೊಳಕೋ. ಉಂಡಿಲ್ಲ ಅನಸ್ತೈತಿ," ಎಂದಳು. ಗನಿಗೂ ತಾಟು ಹಾಕಿದಳು. ನಾವು ಉಣ್ಣುವಾಗ ಬಾಳೇಶ ಎಲ್ಲವನ್ನೂ ನನಗೆ ಹೇಳಿದ. ಎರಡನೇ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಕೈ ತೊಳೆದೆ.

ಹೊರಡುವ ಹೊತ್ತಿಗೆ ಓಣಿಯೆಲ್ಲ ಬಾಗಿಲಲ್ಲಿತ್ತು. ಗನಿ ತನ್ನ ಸೀಟು ಬಿಟ್ಟುಕೊಟ್ಟ. ಅಕ್ಕ ಒಂದು ಕಾಲು ಇಟ್ಟಳು, ಮೊಣಕಾಲು ಬಗ್ಗಲಿಲ್ಲ. ಇನ್ನೊಂದು ಕಡೆಯಿಂದ ತಿರುಗಿ ಕೂರಲು ನೋಡಿದಳು. ಗನಿ ಒಂದು ಕೈ ಹಿಡಿದ, ಬಾಳೇಶ ಒಂದು ಕೈ ಹಿಡಿದ. ಅಕ್ಕ ಬಾವಿಗೆ ಕೊಡ ಇಳಿಸಿದಂತೆ ಆ ಬುಟ್ಟಿಯೊಳಗೆ ಇಳಿದಳು. ಹೊರಗಿನವರಿಗೆ ಅವಳ ಹಣೆಯಷ್ಟೇ ಕಾಣುತ್ತಿತ್ತು. ಆದರೂ ಕೈ ಮೇಲೆತ್ತಿ, "ಬರ್ತೀನ್ರವಾ, ನಮ್ಮ ತಮ್ಮ ಕರ್ಯಾಕ ಬಂದಾನ," ಎಂದು ಎಲ್ಲರಿಗೂ ಹೇಳಿದಳು. ಗನಿ ಚೀಲ ಹಿಡಿದು ಹಿಂದೆ ನಡೆದುಕೊಂಡು ಬಂದ. ನಮ್ಮ ವೇಗಕ್ಕೆ ಅದೇ ಸಾಕಾಗುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ಬಂದಾಗ ಅಕ್ಕ, "ನಿಲ್ಲಸು," ಎಂದಳು.

"ಯಾಕಕ್ಕ?"

"ನಾ ಬಸ್ಸಿಗೆ ಬರ್ತೀನಿ. ನೀವಿಬ್ಬರೂ ಹಿಂದಿಂದ ಬರ್ರಿ."

ಗನಿ ಏದುಸಿರು ಬಿಡುತ್ತ ಬಂದು, "ಅಕ್ಕಾರ, ನಾ ಬಸ್ಸಿಗೆ ಹೋಗ್ತೀನ್ರಿ, ನೀವು ಕುಂದರ್ರಿ," ಎಂದ.

"ಬ್ಯಾಡಪಾ ಗನಿ. ಹಾದ್ಯಾಗ ಗಾಡಿ ನಿಂತ್ರ ನಾ ಕುಂತು ಏನ ಮಾಡ್ಲಿ? ನೀ ಅದರ ಡಾಕ್ಟರ, ನೀ ಬೇಕು. ನಾ ಬರೇ ಅಕ್ಕ."

ಅವಳು ಸಿಟ್ಟಿನಲ್ಲಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ನಾವಿಬ್ಬರೂ ಎಳೆದು ಅವಳನ್ನು ಸೀಟಿನಿಂದ ಹೊರಗೆ ತೆಗೆದೆವು. ಬಸ್ಸು ಹತ್ತುವಾಗ ಅವಳ ಮೊಣಕಾಲು ನನಗಿಂತ ಚೆನ್ನಾಗಿ ಅವಳ ಮಾತು ಕೇಳಿತು.

ಬಸ್ಸಿನ ಹಿಂದೆ ಬಸ್ಸಿನ ಹೊಗೆ ಕುಡಿಯುತ್ತ ಪ್ರಭುನಗರದವರೆಗೆ ಹೋದೆವು. ಹಿಂದಿನ ಗಾಜಿನಲ್ಲಿ ಅಕ್ಕನ ಹಸಿರು ಸೆರಗು ಕಾಣುತ್ತಿತ್ತು. ಅಲ್ಲಿ ಪ್ಲಾಸ್ಟಿಕ್ ಹಗ್ಗ ಸುಟ್ಟುಹೋಗಿ ಫ್ಯಾನು ಮತ್ತೆ ನಿಂತಿತು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ನಾವು ಶಹಾಪುರ ಮುಟ್ಟುವ ಹೊತ್ತಿಗೆ ಮನೆಗಳಲ್ಲಿ ದೀಪ ಹತ್ತಿದ್ದವು. ಓಣಿಯ ಬಾಯಲ್ಲಿ ಇಂಜಿನ್ನು ಕೊನೆಯ ಉಸಿರು ಬಿಟ್ಟಿತು. ಗನಿ ಹಿಂದಿನಿಂದ ನೂಕಿದ, ನಾನು ಕಿಟಕಿಯಲ್ಲಿ ಕೈ ಹಾಕಿ ಸ್ಟೇರಿಂಗ್ ಹಿಡಿದು ನಡೆದೆ. ಅದಕ್ಕೇ ಯಾರಿಗೂ ನಾವು ಬಂದದ್ದು ಗೊತ್ತಾಗಲಿಲ್ಲ.

ಅಕ್ಕ ಕಟ್ಟೆಯ ಮೇಲೆ, ನಾನು ಕಿತ್ತು ಹಾಕಿದ ಹಿಂದಿನ ಸೀಟಿನ ಮೇಲೆ ಕಾಲು ಚಾಚಿ ಕೂತಿದ್ದಳು. ಗಂಗಾದೇವಿ ಅವಳ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಬಸಯ್ಯನವರು ಪೇಪರ್ ಮಡಿಚಿ ಕೇಳುತ್ತಿದ್ದರು.

"ಏನ್ರಿ ಸಂಗವ್ವ, ಒಬ್ಬರ ಬಂದ್ರಿ? ಮಾಸ್ತರ ಕರ್ಯಾಕ ಬಂದಿದ್ದಿಲ್ಲೇನು?"

"ಬಂದಾನ್ರಿ ಅಯ್ಯಾರ," ಎಂದಳು ಅಕ್ಕ. "ಅವನ ನನ್ನ ಕರಕೊಂಡ ಬರಾಕತ್ತಾನ. ಸ್ವಲ್ಪ ಹಿಂದ ಅದಾನ."

ಬಸಯ್ಯನವರು ನಗಲಿಲ್ಲ. ಗಂಗಾದೇವಿಯೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ನನಗೂ ನಕ್ಕು ಮುಂದೆ ಹೋಗಲು ದಾರಿಯಿರುತ್ತಿತ್ತು. ನನಗೆ ತುಂಬಾ ನಾಚಿಕೆಯಾಯಿತು. ನಾನು ಸ್ಟೇರಿಂಗ್ ಹಿಡಿದುಕೊಂಡೇ ನಿಂತೆ. ಗನಿ ಹಿಂದಿನಿಂದ, "ಮಾಸ್ತರ್ರ, ನೂಕ್ಲೋ ಬ್ಯಾಡೋ?" ಎಂದು ಪಿಸುಗುಟ್ಟಿದ.

ಹಬ್ಬ ಮುಗಿಯುವವರೆಗೆ ಅಕ್ಕ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ತಪ್ಪಾಯಿತು ಎಂದು ಹೇಳಬೇಕೆಂದು ನಾಲ್ಕು ಸಲ ಹೋಗಿ ನಾಲ್ಕು ಸಲವೂ ಚಹಾ ಬೇಕೇನಕ್ಕ ಎಂದು ಕೇಳಿ ಬಂದೆ. ಆ ನಾಲ್ಕೂ ಚಹಾ ಅವಳು ಕುಡಿದಳು.

ಆಮೇಲೆ ಒಂದು ವರ್ಷ ನಾನು ಆ ಕಾರನ್ನು ಮತ್ತೆ ಮೊದಲಿನಂತೆ ಮಾಡುವುದರಲ್ಲಿ ಕಳೆದೆ. ಕೆಡಿಸಲು ಎಂಟು ತಿಂಗಳು ಹಿಡಿದಿತ್ತು, ಸರಿಮಾಡಲು ಹನ್ನೊಂದು ತಿಂಗಳಾಯಿತು. ಹಳೆಯ ಸೈಲೆನ್ಸರನ್ನು ಗನಿ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದ. ನನ್ನ ಬುದ್ಧಿ ಅವನಿಗೆ ಗೊತ್ತಿತ್ತು. ಸ್ಪ್ರಿಂಗು ಎತ್ತರವಾಯಿತು, ರೇಡಿಯೇಟರ್ ಹೊಸದಾಯಿತು. ಬ್ರ್ಯಾಕೆಟ್ಟನ್ನು ಗನಿಯೇ ಅಳೆದು ಎರಕ ಹೊಯ್ಯಿಸಿದ. ಬಸಯ್ಯನವರ ಕಾಲು ಹಿಡಿದು ಹಿಂದಿನ ಸೀಟು ವಾಪಸು ಪಡೆದೆ. ವಾಟ್ಸಾಪ್ ಗುಂಪಿನವರು ನನ್ನನ್ನು ಸರ್ ಅನ್ನುವುದು ಬಿಟ್ಟರು. ನಾನೂ ಗುಂಪು ಬಿಟ್ಟೆ.

ಈ ವರ್ಷ ರೊಟ್ಟಿಯ ದಿನ, "ಎಂಟಕ್ಕ ಬರ್ತೀನಿ ಅಕ್ಕ," ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದವನು ಏಳೂವರೆಗೇ ಖಾನಾಪುರ ಮುಟ್ಟಿದೆ. ಗನಿ ಬೇಕಾಗಲಿಲ್ಲ. ನೀರಿನ ಕ್ಯಾನೂ ಬೇಕಾಗಲಿಲ್ಲ. ಓಣಿಯಲ್ಲಿ ಒಂದು ನಾಯಿಯೂ ತಲೆ ಎತ್ತಲಿಲ್ಲ. ಇಳಿದು ಹಿಂದಿನ ಬಾಗಿಲು ತೆಗೆದಿಟ್ಟು, "ಅಕ್ಕಾ," ಎಂದು ಕರೆದೆ.

ಬಾಳೇಶ ಹಲ್ಲುಜ್ಜುತ್ತ ಹೊರಗೆ ಬಂದ. ಬ್ರಶ್ ಬಾಯಿಂದ ತೆಗೆದು ದನಿ ತಗ್ಗಿಸಿದ. "ಅವ್ವ ಆರು ಗಂಟಿ ಬಸ್ಸಿಗೆ ಹೋದ್ಲಲ್ಲ ಮಾಮಾ, ನಿಮ್ಮ ಮನಿಗೇನ. ತಮ್ಮಗ ಯಾಕ ತ್ರಾಸ ಅಂದ್ಲು."

ಅಷ್ಟರಲ್ಲಿ ಎದುರುಮನೆಯ ಬಾಗಿಲು ತೆರೆಯಿತು. ಬಸವಣ್ಣೆವ್ವ ಕಸಬರಿಗೆ ಹಿಡಿದೇ ಅಂಗಳಕ್ಕೆ ಬಂದಳು.

"ಇದೇನ್ರಿ ಮಾಸ್ತರ? ನಮ್ಮ ತಮ್ಮ ನಸಿಕಿನ್ಯಾಗ ಬಂದು ಕರಕೊಂಡ ಹೋಗ್ತಾನ ಅಂತ ನಿನ್ನೆ ಸಂಜೀಕನ ಹೇಳಿದ್ರು ಅಕ್ಕಾರು. ಕರಕೊಂಡ ಹೋಗಿ ಮತ್ತ್ಯಾಕ ಬಂದ್ರಿ?"

ಬಾಳೇಶ ನನ್ನ ಮುಖ ನೋಡಿದ.

"ಹೌದ್ರಿ, ಕರಕೊಂಡ ಹೋಗಿದ್ದೆ," ಎಂದೆ. "ಆಕಿ ಚಷ್ಮಾ ಇಲ್ಲೇ ಮರತಿದ್ಲು. ಒಯ್ಯಾಕ ಬಂದೇನಿ."

"ಒಂದ ಚಷ್ಮಾಕ್ಕ ಅಷ್ಟ ದೂರಿಂದ ತಿರುಗಿ ಬಂದ್ರಿ? ತಮ್ಮ ಅಂದ್ರ ಹಿಂಗಿರಬೇಕು ನೋಡ್ರವಾ!" ಎಂದು ಬಸವಣ್ಣೆವ್ವ ಓಣಿಗೆಲ್ಲ ಕೂಗಿ ಹೇಳಿದಳು.

ಆ ಮಾತಿನಲ್ಲಿ ಕುಹಕವಿರಲಿಲ್ಲ. ನಾನು ಅಕ್ಕನಿಗಾಗಿ ತೆಗೆದಿಟ್ಟ ಬಾಗಿಲನ್ನು ಮುಚ್ಚಿ, ಬೆಳಗಾವಿಯ ಹಾದಿ ಹಿಡಿದೆ.